‘ನಂದು’ ಅನ್ನದ ಗಡಿಯಾರ

ದೋಸೆಯ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದೆ. ಸಿರುಗುಪ್ಪದಿಂದ ತಮ್ಮನ ಫೋನು ಬಂತು.

“ಅಕ್ಕಾ, ನಿನ್ನ ಸೊಸಿ ಕೊಟ್ಟ ಮಷಿನ್ನು ಕಣ್ಣು ಮುಚ್ಚೈತಿ. ಸಂಜಿ ತನಕ ನೋಡ್ತೀನಿ, ಆಮ್ಯಾಲೆ ಬಿಚ್ಚಿ ನಿಮ್ಮ ಮನಿಗೇ ಕಳಿಸ್ತೀನಿ. ಬೇಕಾದ್ರ ಅದರ ಮ್ಯಾಲೆ ಬಟ್ಟಿ ಒಣಗಾಕು.”

ತಮ್ಮನದು ಅಕ್ಕಿ ಗಿರಣಿ. ಸೊಸೆ ಬಳ್ಳಾರಿಯ ನಮ್ಮ ಮನೆಯಲ್ಲೇ ಕೂತು ಮಾಡಿದ ಮೊದಲ ಯಂತ್ರ ಅದು. ಜಾರಿ ಬೀಳುವ ಅಕ್ಕಿಯನ್ನು ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳು ಕಂಡರೆ ಗಾಳಿ ಊದಿ ಹಾರಿಸುತ್ತದೆ. ನೆಂಟರ ಗಿರಣಿಯಿಂದಲೇ ವಾಪಸು ಬಂದರೆ ಮಿಕ್ಕ ಗಿರಣಿಯವರು ಅವಳನ್ನು ಒಳಗೆ ಬಿಟ್ಟುಕೊಂಡಾರೆಯೇ?

ಸೊಸೆಗೆ ವಿಷಯ ಆಗಲೇ ಗೊತ್ತಿತ್ತು. ಮೇಜಿನ ಮೇಲೆ, ಗಿರಣಿಯ ಯಂತ್ರದೊಳಗೆ ಇರುವಂಥದೇ ಇನ್ನೊಂದು ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಅದಕ್ಕೆ ಯುಎಸ್‌ಬಿ ವೈರಿನಲ್ಲಿ ಕ್ಯಾಮೆರಾ. ಹಿಂದಿನ ದಿನ ಗಿರಣಿಯ ಯಂತ್ರಕ್ಕೆ ಹೊಸ ಲಿನಕ್ಸ್, ಅಂದರೆ ಬೋರ್ಡನ್ನು ನಡೆಸುವ ತಂತ್ರಾಂಶ, ಹಾಕಿದ್ದಳು. ಆಗಿನಿಂದ ಕ್ಯಾಮೆರಾ ಶುರುವಿನಲ್ಲಿ ಒಂದು ಕ್ಷಣ ಕಂಡು ಮಾಯವಾಗುತ್ತಿತ್ತು.

“ಏನಾಗೈತವ್ವ?”

“ಗಡಿಯಾರ ನಿಂತೈತ್ರಿ ಅತ್ತಿ.”

ನಾನು ಗೋಡೆಯ ಗಡಿಯಾರ ನೋಡಿದೆ. ಅದು ಚೆನ್ನಾಗಿಯೇ ಓಡುತ್ತಿತ್ತು. ಅವಳಿಗೆ ಅಷ್ಟು ಆತಂಕದಲ್ಲೂ ನಗು.

“ಅದಲ್ರಿ. ಯುಎಸ್‌ಬಿ ನಡಿಯಾಕ ಒಳಗ ಒಂದು ಮಿಡಿತ ಬೇಕು, ಭಜನಿಗೆ ತಾಳ ಇದ್ದಂಗ. ಅದಕ್ಕ ಗಡಿಯಾರ ಅಂತೀವಿ.”

“ಯಾರು ನಿಲ್ಲಿಸಿದ್ರು?”

“ಲಿನಕ್ಸು. ಥೇಟ್ ನಿಮ್ಮಂಗ! ಎದ್ದ ಕೂಡಲೇ ಮನಿ ತುಂಬ ತಿರುಗಿ, ಇದು ನಂದು ಅಂತ ಯಾರೂ ಅನ್ನದ ಗಡಿಯಾರ ಎಲ್ಲಾ ಬಂದ್ ಮಾಡ್ತೈತಿ.”

ಮನೆಯಲ್ಲಿ ಕಲ್ಲು ಆರಿಸುವವಳೂ ನಾನೇ, ದೀಪ ಆರಿಸುವವಳೂ ನಾನೇ. ಸ್ವಿಚ್ಚಿನ ಮೇಲೆ ಬೆರಳಿಟ್ಟು “ಯಾರದ್ರೀ ಇದು?” ಎಂದು ಕೂಗುತ್ತೇನೆ. “ನಂದು” ಎಂದು ಉತ್ತರ ಬರದಿದ್ದರೆ ಮುಗಿಯಿತು. ನಮ್ಮ ಮನೆಯವರು ಸ್ನಾನದ ಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಕತ್ತಲಲ್ಲಿ ನಿಂತದ್ದುಂಟು.

“ಯುಎಸ್‌ಬಿ ಯಾಕ ನಂದು ಅನ್ನಲಿಲ್ಲ?”

“ಅದಕ್ಕ ಬಾಯಿಲ್ರಿ. ಅದರ ಪರವಾಗಿ ನಾವು ಬರೀಬೇಕು.” ಬೋರ್ಡಿನಲ್ಲಿ ಏನೇನಿದೆ, ಯಾವುದಕ್ಕೆ ಏನು ಬೇಕು ಎಂದು ಲಿನಕ್ಸ್‌ಗೆ ತಿಳಿಸುವ ಬರಹವನ್ನು ಪರದೆಯಲ್ಲಿ ತೋರಿಸಿದಳು. “ಇದಕ್ಕ ಎರಡು ಗಡಿಯಾರ ಬೇಕು, ನಾನು ಒಂದೇ ಬರದೀನಿ. ಹಳೇ ಲಿನಕ್ಸು ಇನ್ನೊಂದನ್ನ ಮುಟ್ಟಿರಲಿಲ್ಲ, ಅದಕ್ಕ ನಡೀತಿತ್ತು.”

ಬಿಟ್ಟುಹೋದ ಹೆಸರನ್ನು ಅದೇ ಸಾಲಿನಲ್ಲಿ ಸೇರಿಸಿದಳು. ಬೋರ್ಡು ಆರಿ, ಮತ್ತೆ ಎದ್ದಿತು. ನಾನು ತವರೂರು ಕುರುಗೋಡಿನ ಬಸವಣ್ಣನನ್ನು ನೆನೆಯುತ್ತ ಕೈ ಮುಗಿದು ನಿಂತಿದ್ದೆ. ಪರದೆಯಲ್ಲಿ ಮೂಡಿದ್ದು ಅದೇ ಕೈ, ಬೆರಳಿಗೆ ಅಂಟಿದ ಅಕ್ಕಿಕಾಳಿನ ಸಮೇತ. ಕಾದೆವು. ಈ ಸಲ ಮಾಯವಾಗಲಿಲ್ಲ.

ತಿದ್ದಿದ್ದನ್ನು ಅಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಗಿರಣಿಗೆ ಕಳಿಸಿದಳು. ದೇವರಿಗೆ ದೀಪ ಹಚ್ಚುವ ಮೊದಲೇ ತಮ್ಮನ ಫೋನು.

“ಕಣ್ಣು ಬಿಡ್ತಕ್ಕಾ! ಬಟ್ಟಿ ಒಣಗ ಹಾಕಾಕ ಬ್ಯಾರೆ ಜಾಗ ನೋಡ್ಕೋ.”

ಬಸವಣ್ಣನ ಇಷ್ಟು ಕೃಪೆ ಸಾಕು. ದೀಪ ಹಚ್ಚಿ, ಉಳಿದ ಕಲ್ಲು ಆರಿಸಿ, ಅಕ್ಕಿ ನೆನೆಹಾಕಲು ಎದ್ದೆ.