ಕಮಾನಿನಾಚೆಯ ಮುಖ

ಮೊನ್ನೆ ಮೈಸೂರಿನ ನಮ್ಮ ಶಾಲೆಯ ಹಿಂದೆ ಮಾಲಿ ಹಸಿ ಕಡ್ಡಿಗಳ ರಾಶಿಗೆ ಬೆಂಕಿ ಹಚ್ಚಿದ್ದ. ಮೊದಲು ಒಂದು ಒಗರು ವಾಸನೆ, ಆಮೇಲೆ ಕಣ್ಣು ಉರಿಸುವ ಹೊಗೆ, ಕೊನೆಗೆ ಇದ್ದಿಲಿನ ಒಣ ವಾಸನೆ. ಮಕ್ಕಳಿಗೆ ಮನುಷ್ಯನ ಮುಖ ಬರೆಯುವುದನ್ನು ಹೇಳಿಕೊಡುತ್ತಿದ್ದವಳು ಚಾಕ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದೆ. ಮಾಮಿ ನೆನಪಾದಳು. ಜೊತೆಗೆ ಸಿಟ್ಟೂ ಬಂತು. ನನ್ನ ಮಟ್ಟಿಗೆ ಅವೆರಡೂ ಬೇರೆಬೇರೆಯಾಗಿ ಬಂದದ್ದೇ ಇಲ್ಲ. ನಿಮಗೂ ಅಂಥವರು ಒಬ್ಬರಾದರೂ ಇದ್ದಿರಬೇಕು, ನೆನೆದರೆ ಕಣ್ಣು ತುಂಬುವ ಮೊದಲು ಹಲ್ಲು ಕಡಿಯುವಂತಾಗುವವರು.

ಮಾಮಿ ಎಂದರೆ ಅಪ್ಪನ ತಂಗಿ. ನೀಲಗಿರಿಯ ನಮ್ಮ ಬಡಗರ ಮನೆಗಳಲ್ಲಿ ಹಾಗೆಯೇ ಕರೆಯುವುದು. ನಮ್ಮ ಹಟ್ಟಿ ಇದ್ದದ್ದು ಮಂಜೂರಿನಿಂದ ಇನ್ನೂ ಮೇಲೆ, ಟೀ ತೋಟಗಳ ನಡುವೆ, ಗೋಡೆಗೆ ಗೋಡೆ ತಾಗಿದ ಒಂದೇ ಸಾಲಿನ ಮನೆಗಳು. ನಮ್ಮದು ಸಾಲಿನ ಕೊನೆಯದು. ಹೊರಮನೆ, ಒಳಮನೆ, ನಡುವೆ ಬಾಗಿಲಿಲ್ಲದ ಕಮಾನು. ಒಳಮನೆಯ ಒಲೆಯ ಪಕ್ಕ ಮಾಮಿ ಕೂರುತ್ತಿದ್ದಳು. ಹೊರಮನೆಯಲ್ಲಿ, ಕಮಾನಿಗೆ ಸರಿಯಾಗಿ ಎದುರು, ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ಅವರಿಬ್ಬರಿಗೂ ಮಾತಿರಲಿಲ್ಲ. ದೊಡ್ಡಪ್ಪನೇ ಮುಂದೆ ನಿಂತು ಮಾಡಿಸಿದ ಮದುವೆಯನ್ನು ಬಿಟ್ಟು ಮಾಮಿ ಒಂದು ಮಳೆಗಾಲ ತವರಿಗೆ ಬಂದುಬಿಟ್ಟಳಂತೆ. ನಮ್ಮಲ್ಲಿ ಹಾಗೆ ಬಂದವಳು ಇನ್ನೊಬ್ಬನನ್ನು ಕಟ್ಟಿಕೊಂಡು ಹೋದರೆ ಯಾರೂ ಬೇಡ ಎನ್ನುವುದಿಲ್ಲ. ಮಾಮಿ ಅದಕ್ಕೂ ಒಪ್ಪಲಿಲ್ಲ. ಕೊಟ್ಟ ಮನೆಗೆ ವಾಪಸು ಹೋಗುವವರೆಗೆ ಅವಳ ಜೊತೆ ಮಾತಾಡುವುದಿಲ್ಲವೆಂದು ದೊಡ್ಡಪ್ಪ ಹಟ ಹಿಡಿದ. ಅವಳು ಹೋಗಲಿಲ್ಲ, ಇವನು ಮಾತಾಡಲಿಲ್ಲ. ದೊಡ್ಡಮ್ಮ ತೀರಿಕೊಂಡಾಗಲೂ ಅವರಿಬ್ಬರು ಒಬ್ಬರಿಗೊಬ್ಬರು ಒಂದು ಮಾತು ಆಡಲಿಲ್ಲವೆಂದು ಅವ್ವೆ, ಎಂದರೆ ನನ್ನ ತಾಯಿ, ಹೇಳುತ್ತಿದ್ದಳು.

ಅಪ್ಪನಿಗೆ ಅವಲಾಂಚ್ ಅಣೆಕಟ್ಟಿನ ಕಡೆ ಕರೆಂಟಿನ ಕೆಲಸ, ಮನೆಗೆ ಬರುತ್ತಿದ್ದುದು ವಾರಕ್ಕೊಮ್ಮೆ. ಅವ್ವೆ ಬೆಳಗಾದರೆ ತೋಟಕ್ಕೆ ಹೋಗುವವಳು. ಹಾಗಾಗಿ ಇವರಿಬ್ಬರ ಜಗಳವನ್ನು ಅತ್ತಿಂದಿತ್ತ ಹೊರುವ ಕೆಲಸ ನನ್ನ ಪಾಲಿಗೆ ಬಂದಿತ್ತು. "ನಿನ್ನ ಮಾಮಿಗ ಹೇಳು, ಕಾಪಿ ತಣ್ಣಗಾಗಿದೆ ಅಂತ" ಎನ್ನುತ್ತಿದ್ದ ದೊಡ್ಡಪ್ಪ, ಮಾಮಿಯ ಮುಖವನ್ನೇ ದಿಟ್ಟಿಸುತ್ತ. "ನಿನ್ನ ದೊಡ್ಡಪ್ಪಗ ಹೇಳು, ಬಿಸಿ ಬೋಕಾದರೆ ಒಲೆಯೊಳಗೆ ಹೋಗಿ ಕೂರಲಿ ಅಂತ" ಎನ್ನುತ್ತಿದ್ದಳು ಮಾಮಿ, ಅವನನ್ನೇ ನೋಡುತ್ತ. ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರಿಗೂ ಎಲ್ಲ ಕೇಳಿಸಿರುತ್ತಿತ್ತು. ಆದರೂ ನಾನು ಹೇಳಲೇಬೇಕಿತ್ತು. ಹೇಳದಿದ್ದರೆ ಎರಡೂ ಕಡೆಯಿಂದ ಬೈಗುಳ.

ಮುಖ ಬರೆಯುವುದನ್ನು ನನಗೆ ಕಲಿಸಿದವಳು ಈ ಮಾಮಿಯೇ. ಅವಳಿಗೆ ಯಾರು ಕಲಿಸಿದರೋ ಗೊತ್ತಿಲ್ಲ, ಕೇಳಿದರೆ ಉರಿದುಬೀಳುತ್ತಿದ್ದಳು. ಟೀ ಗಿಡ ಕವಾತು ಮಾಡಿದಾಗ ಕಡಿದು ಬಿಸಾಕಿದ ಕೊಂಬೆಗಳೇ ನಮಗೆ ಸೌದೆ. ಅದರಲ್ಲಿ ಸಣ್ಣ ಕಡ್ಡಿಗಳನ್ನು ಆರಿಸಿ, ಹಳೆಯ ಹಾಲುಪುಡಿ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು ಕೆಂಡದಲ್ಲಿ ಹೂಳುತ್ತಿದ್ದಳು. ತೆಗೆದಾಗ ಕಡ್ಡಿ ಮುರಿಯದೆ ಪೂರ್ತಿ ಇದ್ದಿಲಾಗಿರುತ್ತಿತ್ತು. ಹಳೆಯ ಕ್ಯಾಲೆಂಡರಿನ ಬೆನ್ನು ನಮ್ಮ ಕಾಗದ. ನಾನು ಬರೆದ ಮೊದಲ ಮುಖ ಅವ್ವೆಯದು. ಹುಬ್ಬಿನ ಮೇಲೆ ಒಂದು ಗೆರೆ ಎಳೆದು ಮುಗಿಸಿಬಿಟ್ಟಿದ್ದೆ. ಆಗ ಹಟ್ಟಿಯ ಹೆಂಗಸರೆಲ್ಲ ತಲೆಗೆ ಬಿಳಿ ಬಟ್ಟೆಯನ್ನು ಹಣೆ ಮುಚ್ಚುವಂತೆ ಬಿಗಿದು ಕಟ್ಟುತ್ತಿದ್ದರು. ಆ ಬಟ್ಟೆಯೊಳಗೆ ಅಷ್ಟೆತ್ತರದ ತಲೆಯೊಂದು ಇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. "ಮಂಡೆ ಎಲ್ಲಿ? ಕಡಿದು ಸಂತೆಗ ಹಾಕಿದೆಯಾ?" ಎಂದು ಮಾಮಿ ನನ್ನ ಗಲ್ಲ ಹಿಡಿದು, ಗಲ್ಲದಿಂದ ಕಣ್ಣಿಗೆ ಬೆರಳಗಲಿಸಿ ಅಳೆದು, ಅದೇ ಅಳತೆಯನ್ನು ಕಣ್ಣಿನಿಂದ ನೆತ್ತಿಗೆ ಇಟ್ಟಳು. ಎರಡೂ ಸಮ. ಅವಳ ಉಗುರು ನೆತ್ತಿಗೆ ಒತ್ತಿ ನೋವಾಗಿತ್ತು. ಅಂದಿನಿಂದ ನಾನು ಯಾರ ಕಣ್ಣನ್ನೂ ತಲೆಯ ಮೇಲ್ತುದಿಗೆ ಹತ್ತಿಸಿಲ್ಲ.

ಅಳತೆ ಬಂದರೂ ಹೋಲಿಕೆ ಬರಲಿಲ್ಲ. ಅವ್ವೆ, ಗೆಳತಿಯರು, ಅಪ್ಪ, ಯಾರನ್ನು ಬರೆದರೂ ಕ್ಯಾಲೆಂಡರಿನ ದೇವರ ಹಾಗೆ ನಗುತ್ತ ನಿಲ್ಲುತ್ತಿದ್ದರು. ಮಾಮಿ ಒಂದೊಂದನ್ನೇ ಹರಿದು ಒಲೆಗೆ ಹಾಕಿದಳು. "ಇಷ್ಟ ಇದ್ದವರ ಮುಖ ನೀ ನೋಡೋದೇ ಇಲ್ಲೆ. ಯಾರ ಮೇಲೆ ಸಿಟ್ಟು ಇದೆಯೋ ಅವರ ಮುಖ ಬರೆ" ಎಂದಳು. ಅದು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಹಸು ಕೋಸಿನ ತೋಟಕ್ಕೆ ನುಗ್ಗಿತೆಂದು ದೊಡ್ಡಪ್ಪ ಅಂದೇ ನನ್ನ ಕೆನ್ನೆಗೆ ಬಾರಿಸಿದ್ದ. ಕಮಾನಿನ ಪಕ್ಕ ಕುಳಿತು, ಉರಿಯುವ ಕೆನ್ನೆ ಹೊತ್ತು, ಅವನನ್ನು ನೋಡಿದೆ. ಅವನ ಒಂದು ಕಿವಿ ಇನ್ನೊಂದಕ್ಕಿಂತ ಕೆಳಗಿದೆ ಎಂದು ಕಂಡದ್ದು ಅವತ್ತೇ. ಮೂಗಿನ ಹೊಳ್ಳೆ ಅಗಲ, ಕೆಳದುಟಿ ಸದಾ ಯಾರನ್ನೋ ತಿರಸ್ಕರಿಸುವ ಹಾಗೆ ಮುಂದೆ. ಇದ್ದಿಲು ತಾನಾಗಿ ಓಡಿತು. ನಾನು ಬರೆದ ಮುಖಗಳಲ್ಲಿ ನಿಜವಾದ ಮನುಷ್ಯನ ಹಾಗೆ ಕಂಡ ಮೊದಲನೆಯದು ಅದು. ಮಾಮಿ ನೋಡಿ ಹೊಟ್ಟೆ ಹಿಡಿದು ನಕ್ಕಳು. ದೊಡ್ಡಪ್ಪ ಬಂದು ಕಿತ್ತುಕೊಂಡು, ಬಹಳ ಹೊತ್ತು ನೋಡಿ, ಬೆಂಕಿಗೆ ಹಾಕಿದ.

"ನಿನ್ನ ಮಾಮಿಗ ಹೇಳು, ಮಗುಗ ವಿಷ ಕಲಿಸೋದು ಬೋಡ ಅಂತ."

"ನಿನ್ನ ದೊಡ್ಡಪ್ಪಗ ಹೇಳು, ಕಾಗದ ಸುಟ್ಟರೆ ಮೂಗು ಸಣ್ಣದಾಗೋದಿಲ್ಲೆ ಅಂತ."

ಅಂದಿನಿಂದ ನನಗೆ ಒಂದೇ ಆಸೆ, ಮಾಮಿಯ ಮುಖ ಬರೆಯಬೇಕು. ಅವಳ ಮೇಲೆ ನನಗೆ ಸಿಟ್ಟಿಗೇನೂ ಬರವಿರಲಿಲ್ಲ. ಅವಳು ಚಿವುಟಿದ ಕಲೆಗಳು ತೋಳಿನ ಮೇಲಿದ್ದವು. ಆದರೆ ಅವಳು ಕೂರಲಿಲ್ಲ. ನಾನು ಕಾಗದ ಹಿಡಿದರೆ ಸಾಕು, "ಎನ್ನದು ಬೋಡ" ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಊಟಿಯ ಸ್ಟುಡಿಯೋದಲ್ಲಿ ತೆಗೆಸಿದ ಮನೆಯವರ ಫೋಟೋದಲ್ಲಿಯೂ ಅವಳ ಮುಖದ ಮುಂದೆ ಅವಳ ಕೈ ಇದೆ. ಬಿಡದೆ ನೋಡುವುದನ್ನು ನನಗೆ ಕಲಿಸಿ, ತನ್ನನ್ನು ಮಾತ್ರ ನೋಡಗೊಡದ ಆ ಸೊಕ್ಕು ನನಗೆ ಇವತ್ತಿಗೂ ಅರಗಿಲ್ಲ. ಚಿತ್ರಕಲೆ ಓದಲು ಮೈಸೂರಿಗೆ ಬಂದೆ, ಟೀಚರ್ ಆದೆ. ಪ್ರತಿ ರಜೆಗೂ ಹಟ್ಟಿಗೆ ಹೋಗಿ ಕಾಗದ ಹಿಡಿದು ಕೂತೆ. ಪ್ರತಿ ಸಲವೂ ಬೆನ್ನೇ ಕಂಡಿತು.

ಅವಳು ಹೋದಾಗ ಅವ್ವೆಯ ಫೋನ್ ಬಂತು. ಗೂಡಲೂರಿನ ಮೇಲೆ ಊಟಿಗೆ ಬಂದು, ಅಲ್ಲಿಂದ ಮಂಜೂರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ. ಮಂಚದ ಮೇಲೆ ಮಲಗಿದ್ದ ಮುಖ ಸಡಿಲವಾಗಿತ್ತು. ಅಂಥ ಸಮಾಧಾನದ ಮುಖವನ್ನು ನಾನು ಕಂಡೇ ಇರಲಿಲ್ಲ. ಈಗ ಸಾವಿಗೂ ಫ್ಲೆಕ್ಸ್ ಬೇಕು, ರಸ್ತೆಯ ತಿರುವಿನಲ್ಲಿ ಕಟ್ಟಲು. ರೇಷನ್ ಕಾರ್ಡಿನಲ್ಲಿದ್ದ ಅವಳ ಫೋಟೋ ಬರೀ ಮಸಿ. ಬದುಕಿದ್ದಾಗ ಅವಳತ್ತ ತಿರುಗಿಯೂ ನೋಡದ ನೆಂಟರು, ಚಿತ್ರದ ಟೀಚರ್ ಇದ್ದಾಳಲ್ಲ, ಬರೆಯಲಿ ಎಂದರು. ಹೊರಮನೆಯಲ್ಲಿ ಕುಳಿತು ಬರೆದೆ. ಎಲ್ಲರೂ ಸುತ್ತ ನಿಂತು, ಅಚ್ಚು ಅವಳೇ ಎಂದರು. ಅವ್ವೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಮಾತ್ರ ಗೊತ್ತಿತ್ತು, ಅದು ಯಾರೋ ಒಳ್ಳೆಯ ಹೆಂಗಸು. ಬಸ್ಸಿನಲ್ಲಿ ಅತ್ತು ಅತ್ತು ನನ್ನ ಸಿಟ್ಟೆಲ್ಲ ಕರಗಿಹೋಗಿತ್ತು. ಅವಳನ್ನು ಕಾಣಲು ನನ್ನ ಬಳಿ ಬೇರೇನೂ ಉಳಿದಿರಲಿಲ್ಲ.

ದೊಡ್ಡಪ್ಪ ಕೋಲೂರಿಕೊಂಡು ಬಂದ. ಕಾಗದವನ್ನು ಒಮ್ಮೆ ನೋಡಿ, "ಇದು ಅವಳಲ್ಲ" ಎಂದ. ತನ್ನ ಜಾಗದಲ್ಲಿ ಕುಳಿತು, ಕಮಾನಿನಾಚೆ ಒಲೆಯ ಪಕ್ಕದ ಖಾಲಿ ನೆಲವನ್ನು ದಿಟ್ಟಿಸುತ್ತ ಹೇಳತೊಡಗಿದ. "ಎಡ ಹುಬ್ಬು ಮೇಲೆ. ಇನ್ನೂ ಮೇಲೆ. ಎನ್ನ ಕಂಡರೆ ಅದು ಏರಿಯೇ ಇರೋದು." ಒರೆಸಿ ಏರಿಸಿದೆ. "ತುಟಿ ಬಲಗಡೆ ಒಳಗೆ ಕಚ್ಚಿಕೊಂಡಿರುತ್ತಾಳೆ. ಮಾತು ನುಂಗುವಾಗ." ಬರೆದೆ. "ಗಲ್ಲ ಮುಂದೆ. ಕಣ್ಣಿನ ಕೆಳಗೆ ಎರಡು ಗೆರೆ, ಮೂರಲ್ಲ." ಒಂದೊಂದು ಮಾತಿನಲ್ಲೂ ಇಷ್ಟು ವರ್ಷಗಳ ನಂಜು. ಒಂದು ಸಲವೂ ಅವನು ಕಾಗದದತ್ತ ತಿರುಗಲಿಲ್ಲ, ತಡವರಿಸಲೂ ಇಲ್ಲ. ನನ್ನ ಕೈಕೆಳಗೆ ಆ ಒಳ್ಳೆಯ ಹೆಂಗಸು ಅಳಿಸಿಹೋಗಿ, ಮಾಮಿ ಉರಿಗಣ್ಣು ಬಿಟ್ಟುಕೊಂಡು ಎದ್ದು ಬಂದಳು. ನನಗೆ ಹೆದರಿಕೆಯಾಯಿತು. ಖುಷಿಯೂ ಆಯಿತು. ನೆಂಟರು, ಇಷ್ಟು ಸಿಡುಕು ಮುಖ ಫ್ಲೆಕ್ಸಿಗೆ ಚೆನ್ನಾಗಿರದು ಎಂದು ಗೊಣಗಿದರು. ದೊಡ್ಡಪ್ಪ ಆಗ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದ. ನಾನು ಅಲ್ಲೇ ಇದ್ದರೂ ನನ್ನ ಕೈಲಿ ಏನೂ ಹೇಳಿಸಲಿಲ್ಲ. "ಹೋಗುವಾಗಲಾದರೂ ಬೈದು ಹೋಗಬಾರದಿತ್ತಾ?" ಎಂದು ನೇರವಾಗಿ ಅವಳನ್ನೇ ಕೇಳಿದ.

ಮುಂದಿನ ಚಳಿಗಾಲದಲ್ಲಿ ಅವನೂ ಹೋದ. ಆ ಮನೆಯನ್ನು ಕೆಡವಿ ಈಗ ಟೂರಿಸ್ಟರಿಗೆ ಕಾಟೇಜು ಕಟ್ಟಿದ್ದಾರೆ, ಹಸಿರು ನೀಲಿ ದೀಪ ಹಾಕಿದ್ದಾರೆ. ಅದರ ಮುಂದೆ ಹಾದುಹೋಗುವಾಗ ನನಗೆ ಕಲ್ಲು ಎತ್ತಿಕೊಳ್ಳುವಷ್ಟು ಕೋಪ ಬರುತ್ತದೆ. ಕೆಲವು ದಿನಗಳಿಂದ ದೊಡ್ಡಪ್ಪನ ಮುಖ ಬರೆಯಲು ಕೂರುತ್ತಿದ್ದೇನೆ. ಅವನ ಫೋಟೋಗಳು ಬೇಕಾದಷ್ಟಿವೆ, ಒಂದರಲ್ಲೂ ನಿಜವಾದ ಅವನಿಲ್ಲ. ಬರೆಯುತ್ತೇನೆ, ಒರೆಸುತ್ತೇನೆ. ಎಲ್ಲೋ ತಪ್ಪಿದೆ. ಎಲ್ಲಿ ಎಂದು ನನಗೆ ತಿಳಿಯುತ್ತಿಲ್ಲ. ತಿಳಿದಿದ್ದವಳು ಒಬ್ಬಳೇ ಇದ್ದಳು.