ಮುನ್ನಿ ಬೀಯ ಕುದುರೆ, ಮಹಾರುದ್ರಪ್ಪನ ಹೊಟ್ಟೆಕಿಚ್ಚು

ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಲಿಯ ಹಿಂದೆ ಬಾಯಿ ತೆರೆದ ಹುಲಿ ಕಂಡರೆ, ಅದು ಹುಮನಾಬಾದಿನ ಪೇಂಟರ್ ಮಹಾರುದ್ರಪ್ಪನದೇ. ಮೂವತ್ತು ವರ್ಷಗಳಲ್ಲಿ ಅವನು ಬರೆದ ಹುಲಿಗಳೆಲ್ಲ ಒಂದೇ ದಿನ ಟ್ರ್ಯಾಲಿಗಳಿಂದ ಕೆಳಗಿಳಿದರೆ ಬೀದರ ಜಿಲ್ಲೆಯಲ್ಲಿ ಒಂದು ಆಡೂ ಉಳಿಯದು. ಇಂಥ ಮಹಾಶೂರ ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ ಹೆಬ್ಬೆರಳುದ್ದದ ಒಂದು ಕುದುರೆಯನ್ನು ನೋಡಿ ಹೊಟ್ಟೆ ಉರಿದುಕೊಂಡ.

ಕಾರಣ ಹೆಂಡತಿ ಸೂಗಮ್ಮನ ತಮ್ಮನ ಮಗಳು ಪ್ರಣಿತಾ, ಬಸವಕಲ್ಯಾಣದಲ್ಲಿ ಚಿತ್ರಕಲೆ ಟೀಚರ್. ಅವಳೂ ಅವಳ ಗೆಳತಿಯರೂ ಮೇಜಿನ ಮೇಲೆ ಕೋಟೆ ಮುತ್ತಿಗೆಯ ಆಟ ಆಡುತ್ತಾರೆ. ಅದರ ಸೈನಿಕರು, ಕುದುರೆಗಳು ಬೂದು ಪ್ಲಾಸ್ಟಿಕ್ಕಿನ ಪುಟ್ಟ ಗೊಂಬೆಗಳಾಗಿ ಪಾರ್ಸೆಲ್ಲಿನಲ್ಲಿ ಬರುತ್ತವೆ; ಬಣ್ಣ ಹಚ್ಚುವುದು ಆಡುವವರ ಪಾಲಿಗೆ. ಪ್ರತಿ ಭಾನುವಾರ ಮನೆಯಲ್ಲಿ ಅದನ್ನು ಕಲಿಸುತ್ತೇನೆ ಎಂದು ಅವಳು ಹೇಳಿದ್ದೇ ತಡ, ಮಹಾರುದ್ರಪ್ಪ ತಾನೇ ಕಲಿಸುವವನ ಗತ್ತಿನಲ್ಲಿ, ಟ್ರ್ಯಾಲಿಗೆ ಬಳಿಯುವ ಬಣ್ಣದ ಡಬ್ಬಿ ಹಿಡಿದು ಬಸ್ಸು ಹತ್ತಿದ.

ಮೊದಲ ಏಟಿಗೇ ಅವನ ಸೈನಿಕ ಹಿಟ್ಟಿನಲ್ಲಿ ಅದ್ದಿ ತೆಗೆದ ಮಿರ್ಚಿ ಭಜಿಯಂತಾದ.

"ಮಾಮಾ, ಬಣ್ಣ ಹಾಲಿನಂಗ ತೆಳ್ಳಗ ಇರಬೇಕ್ರಿ. ಎರಡ್ಮೂರು ಸಲ ಹಚ್ಚಬೇಕು. ಇವನ ಮೂಗು ಎಲ್ಲಿ ಹೋತು?"

"ಯುದ್ಧದಾಗ ಹೋಗ್ಯಾದ," ಎಂದ ಮಹಾರುದ್ರಪ್ಪ.

ಎದುರಿಗೆ ಕೂತಿದ್ದ ಮುನ್ನಿ ಬೀ ಕಿಸಕ್ಕನೆ ನಕ್ಕಳು. ಅವಳು ಮದುವೆ ಮನೆಗಳಲ್ಲಿ ಮೆಹಂದಿ ಹಾಕುವವಳು, ಅಂದೇ ಸೇರಿದವಳು. ಎರಡೂ ಮಣಿಕಟ್ಟು ಜೋಡಿಸಿ ಮೇಜಿಗೆ ಊರಿ, ಉಸಿರು ಹಿಡಿದು ಕುಂಚ ಆಡಿಸಿದಳೆಂದರೆ ಕೂದಲೆಳೆಯೂ ದಪ್ಪ ಎನ್ನಿಸಬೇಕು. ಮೂರನೆಯ ವಾರಕ್ಕೆ ಅವಳ ಕುದುರೆಯ ಜೀನಿನ ಮೇಲೆ ಹೂಬಳ್ಳಿ ಹಬ್ಬಿತ್ತು, ಕಣ್ಣಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತಿತ್ತು. ಎಲ್ಲರೂ ವಾಹ್ ವಾಹ್ ಎಂದರು. ಮಹಾರುದ್ರಪ್ಪ ಕೆಮ್ಮಿದ.

ಅಂದೇ ಪ್ರಣಿತಾ ಕಪಾಟಿನಿಂದ ಒಂದು ಯುದ್ಧದಾನೆ ತೆಗೆದಳು. ಇಡೀ ಸೈನ್ಯಕ್ಕೆ ಒಂದೇ ಆನೆ. "ಮುಂದಿನ ವಾರ ಯಾರ ಗೊಂಬಿ ಛಂದ ಇರ್ತದೋ, ಅವರಿಗೇ ಇದರ ಬಣ್ಣದ ಕೆಲಸ."

ಆನೆ! ಅಂಗೈ ಅಗಲದ ಮೈ! ಅದು ತನಗಾಗಿಯೇ ಹುಟ್ಟಿದೆ ಎಂದು ಮಹಾರುದ್ರಪ್ಪನಿಗೆ ಖಾತ್ರಿಯಾಯಿತು. ಆ ವಾರವೆಲ್ಲ ಅಂಗಡಿಯಲ್ಲಿ ಟ್ರ್ಯಾಲಿ ಬಿಟ್ಟು ಸೈನಿಕನ ಹಿಂದೆ ಬಿದ್ದ. ಈ ಸಲ ಬಣ್ಣ ಮಜ್ಜಿಗೆಯಾಗಿ ಹರಿದು, ಸೈನಿಕ ಆಗಷ್ಟೇ ಬಾವಿಗೆ ಬಿದ್ದೆದ್ದವನಂತೆ ನಿಂತ.

"ಏನ್ರಿ, ಟ್ರ್ಯಾಲಿ ಮಾಲಕ ಬಂದಾನ. ಹುಲಿಗೆ ಒಂದೇ ಕಣ್ಣದ ಅಂತಾನ," ಎಂದು ಸೂಗಮ್ಮ ಕೂಗಿದಳು.

"ಇನ್ನೊಂದು ಕಣ್ಣು ಹೊಡಿಯಾಕತ್ತಾದ ಅಂತ ಹೇಳು!"

ಭಾನುವಾರ ಅವನು ತಲುಪಿದಾಗ ಉಳಿದವರು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಮುನ್ನಿ ಬೀಯ ಕುದುರೆ ಒಂದೇ ನಿಂತಿತ್ತು. ನೋಡಿದ. ಇನ್ನೊಮ್ಮೆ ನೋಡಿದ. ಹೊಟ್ಟೆಯೊಳಗೆ ಇಟ್ಟಿಗೆ ಭಟ್ಟಿ ಹೊತ್ತಿಕೊಂಡಿತು. ಅಷ್ಟರಲ್ಲಿ ಕಣ್ಣಿಗೆ ಬಿತ್ತು: ಇದಕ್ಕೆ ದೃಷ್ಟಿಬೊಟ್ಟೇ ಇಲ್ಲ!

ಮಹಾರುದ್ರಪ್ಪ ಬೊಟ್ಟಿಡದೆ ಒಂದು ಟ್ರ್ಯಾಲಿಯನ್ನೂ ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ. ಇಲ್ಲಿ ನೋಡಿದರೆ ಇಷ್ಟು ಒಳ್ಳೆಯ ಕೆಲಸ ಬರಿಮೈಯಲ್ಲಿ ನಿಂತಿದೆ. ಜಿಲ್ಲೆಯಲ್ಲೇ ಕೆಟ್ಟ ಕಣ್ಣು, ಅಂದರೆ ಅವನದೇ, ಗೇಣು ದೂರದಲ್ಲಿದೆ. ಹೊಟ್ಟೆಕಿಚ್ಚು ಬೇರೆ, ಕಸುಬು ಬೇರೆ. ಎಲ್ಲಕ್ಕಿಂತ ಸಣ್ಣ ಕುಂಚ ಆರಿಸಿದ. ಕಪ್ಪು ಬಣ್ಣ ತೆಳ್ಳಗೆ ಮಾಡಿದ. ಮಣಿಕಟ್ಟು ಊರಿ, ಉಸಿರು ಹಿಡಿದು, ಕುದುರೆಯ ಕೆನ್ನೆಗೆ ಗಸಗಸೆ ಕಾಳಿನಷ್ಟು ಬೊಟ್ಟು ಇಟ್ಟ.

"ಯಾ ಅಲ್ಲಾ! ನನ್ನ ಕುದುರಿಗಿ ಏನ್ ಮಾಡಾಕತ್ತೀರಿ ಭಾಯಿ?" ಬಾಗಿಲಲ್ಲಿ ಮುನ್ನಿ ಬೀ.

ಕುಂಚ ಕೈಯಲ್ಲೇ ಇತ್ತು, ಸುಳ್ಳು ಹೇಳುವಂತಿರಲಿಲ್ಲ. "ದೃಷ್ಟಿ ಆಗಬಾರದಂತ ಬೊಟ್ಟಿಟ್ಟೀನಿ."

"ಯಾರ ದೃಷ್ಟಿ?"

"ನಂದೇ. ಇದನ್ನ ನೋಡಿದಾಗಿಂದ ನನಗ ರೊಟ್ಟಿ ಗಂಟಲಾಗ ಇಳಿವಲ್ದು."

ಮುನ್ನಿ ಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಪ್ರಣಿತಾ ಭೂತಗನ್ನಡಿ ಹಿಡಿದು ಬಗ್ಗಿದಳು. "ಮಾಮಾ, ಇಷ್ಟು ದಿನದಾಗ ನೀವು ಸರಿಯಾಗಿ ಹಚ್ಚಿದ್ದು ಇದೊಂದೇ ನೋಡ್ರಿ. ಗುಂಡಗ, ತೆಳ್ಳಗ! ಹಚ್ಚಿದ್ದು ಮಾತ್ರ ಬ್ಯಾರೆಯವರ ಕುದುರಿಗಿ."

ಆನೆ ಮುನ್ನಿ ಬೀಯ ಪಾಲಾಯಿತು. ಮಹಾರುದ್ರಪ್ಪ ರಾಜ್ಯ ಕಳೆದುಕೊಂಡ ದೊರೆಯಂತೆ ಕಿಟಕಿಯತ್ತ ತಿರುಗಿ ಕೂತ.

"ಭಾಯಿ, ಆನಿಗೂ ನೀವೇ ಬೊಟ್ಟಿಡ್ರಿ," ಎಂದಳು ಮುನ್ನಿ ಬೀ.

"ಈಗಿಟ್ಟರ ಬಣ್ಣದ ಕೆಳಗ ಹೋಗ್ತದ. ಕೆಲಸ ಮುಗಿದ ಮ್ಯಾಲೆ ಇಡಬೇಕು."

"ಎರಡು ತಿಂಗಳು ಹಿಡಿತದ್ರಿ."

"ಅಲ್ಲೀತನಕ ವಾರಾ ವಾರಾ ಬರ್ತೀನಿ."

"ಬರ್ರಿ. ನೋಡ್ರಿ. ಉರಕೋರಿ."

ಮಹಾರುದ್ರಪ್ಪ ಹೊಸ ಕಾಲಾಳೊಬ್ಬನನ್ನು ಎತ್ತಿಕೊಂಡು, ಕಣ್ಣು ಆನೆಯ ಮೇಲಿಟ್ಟುಕೊಂಡೇ ಅವನ ರುಮಾಲಿಗೆ ಕೆಂಪು ಹಚ್ಚಲು ಹೋಗಿ, ತನ್ನ ಹೆಬ್ಬೆರಳಿಗೆ ಬಳಿದುಕೊಂಡ.