ನಾನಿಲ್ಲದ ಸಾಕ್ಷಿ

ಮೊಳಕಾಲ್ಮೂರಿನಲ್ಲಿ ನನ್ನ ಗಂಡ ರೇಷ್ಮೆ ಸೀರೆ ನೇಯುತ್ತಿದ್ದರು. ನಾವಿಬ್ಬರೂ ಮನೆಯವರಿಗೆ ತಿಳಿಯದಂತೆ ಕ್ರೈಸ್ತರಾಗಿ ಒಟ್ಟಿಗೇ ದೀಕ್ಷಾಸ್ನಾನ ತೆಗೆದುಕೊಂಡವರು. ಮಾವ ತೀರಿಕೊಂಡ ದಿನ ಗಂಡನ ಅಣ್ಣ ಅವರನ್ನು ಎಲ್ಲರೆದುರು ತಡೆದು ಕೇಳಿದರು:

"ನೀನು ಪ್ರಾರ್ಥನೆಗೆ ಹೋಗ್ತೀಯಂತೆ. ನಿಜ ಹೇಳು, ಆಮೇಲೆ ಅಪ್ಪನ್ನ ಮುಟ್ಟು."

ಗಂಡ ನನ್ನತ್ತ ತಿರುಗದೆ, "ನಾನು ಹೋಗಲ್ಲ. ಅದೆಲ್ಲ ಇವಳ ಹುಚ್ಚು" ಎಂದರು. ಹೆಂಗಸರು ನನ್ನನ್ನು ಅಂಗಳಕ್ಕೆ ಕಳಿಸಿದರು. ಅಲ್ಲಿಂದಲೇ ಬಸ್ಸು ಹತ್ತಿ ಚಳ್ಳಕೆರೆಯ ಅವ್ವನ ಮನೆಗೆ ಬಂದೆ.

ಕೆಲವು ತಿಂಗಳ ನಂತರ ಗಂಡ ಚಳ್ಳಕೆರೆಯ ನಮ್ಮ ಪ್ರಾರ್ಥನಾ ಸಭೆಗೆ ಬಂದು ಬಾಗಿಲ ಬಳಿ ಕೂತು ಅತ್ತರು. ಮರುದಿನ ಊರಿಗೆ ಹೋಗಿ ಅಣ್ಣನಿಗೆ ನಿಜ ಹೇಳಿದರು. ಅಣ್ಣ ಹೊಡೆದು, ಮಗ್ಗ ಬಿಚ್ಚಿ ಬೀದಿಗೆ ಹಾಕಿದರು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುತ್ತಿದ್ದ ನನ್ನ ಗಂಡ ಅವತ್ತು ಕೈ ಎತ್ತಲಿಲ್ಲವಂತೆ. ಈಗ ನನ್ನ ಜೊತೆ ಚಳ್ಳಕೆರೆಯಲ್ಲೇ ಇದ್ದು ಎಣ್ಣೆ ಗಿರಣಿಯಲ್ಲಿ ಮೂಟೆ ಹೊರುತ್ತಾರೆ. ನನಗಿಂತ ಮೊದಲೆದ್ದು ಪ್ರಾರ್ಥಿಸಿ ನೀರು ತಂದಿಡುತ್ತಾರೆ. ನಂಬಿಕೆ ಅವರನ್ನು ಬದಲಾಯಿಸಿದ್ದು ಸುಳ್ಳಲ್ಲ.

ದೇವರು ತಮ್ಮ ಬಾಳಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳುವ ಸಾಕ್ಷಿಯನ್ನು ಸಭೆಯವರು ಆಗಾಗ ಅವರಿಂದ ಹೇಳಿಸುತ್ತಾರೆ. "ನಾನು ಕರ್ತನನ್ನು ಬಿಟ್ಟೆ, ಕರ್ತ ನನ್ನನ್ನು ಬಿಡಲಿಲ್ಲ" ಎಂದಾಗ ಎಲ್ಲರ ಕಣ್ಣೂ ಒದ್ದೆಯಾಗುತ್ತದೆ. ಹೋದ ಭಾನುವಾರ ಮನೆಗೆ ಬಂದ ಮೇಲೆ ಕೇಳಿದೆ:

"ನೀವು ಹೇಳೋದ್ರಲ್ಲಿ ನಾನು ಯಾಕೆ ಇಲ್ಲ?"

ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. "ದೇವರ ಹತ್ರ ಕ್ಷಮೆ ಕೇಳೋದು ಸುಲಭ ಐತೆ. ನಿನ್ನ ಹತ್ರ ಕೇಳೋಕೆ ಬಾಯಿ ಬರ್ತಿಲ್ಲ."

ಕೇಳಿದ್ದರೆ ಕ್ಷಮಿಸುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಎದ್ದು ಅನ್ನಕ್ಕೆ ಇಟ್ಟೆ.